ಮಾದಕ ಜಾಲದೊಳಗೊಬ್ಬ ಮಾರುವೇಷದ ಪೊಲೀಸ್

1972ರ ಕ್ರಿಸ್‌ಮಸ್ ಹೊತ್ತು. ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. ಮದ್ಯದಂಗಡಿಯೊಂದರ ಮುಂದೆ ಕಾರು ನಿಂತಿದೆ. ಒಳಗೆ ಪುಟ್ಟ ಹುಡುಗ, ಪಕ್ಕದಲ್ಲಿ ಮಾದಕ ವಸ್ತುವಿಗೆ ದಾಸನಾದ ಅವನ ಅಪ್ಪ. ನನ್ನ ಹಾಗೆ ಮಾತ್ರ ಆಗಬೇಡ ಎಂದು ಮಗನಿಗೆ ಬುದ್ಧಿ ಹೇಳಿದ ಅಪ್ಪ ಕಾರಿನಿಂದಿಳಿದು ಅಂಗಡಿಗೆ ನುಗ್ಗುತ್ತಾನೆ. ಬಂದೂಕು ತೋರಿಸಿ ದುಡ್ಡು ಕೀಳುತ್ತಾನೆ. ಆದರೆ ದುಡ್ಡು ಹಿಡಿದು ಹೊರಟವನು ಮನೆ ಸೇರುವುದಿಲ್ಲ. ಗುಂಡು ತಗುಲಿ ಮಗನ ಕಣ್ಣೆದುರೇ ಸಾಯುತ್ತಾನೆ. ಹುಡುಗನ ಕೈಗೆ ಉಳಿಯುವುದು ರಕ್ತ ಮೆತ್ತಿದ ಒಂದಷ್ಟು ನೋಟು.

ಆ ಹುಡುಗ ದೊಡ್ಡವನಾಗಿ ಪೊಲೀಸನಾಗುತ್ತಾನೆ. ಹನಿ ಮದ್ಯ ಮುಟ್ಟದವನು, ಮಾದಕ ವಸ್ತುವಿನ ನೆರಳನ್ನೂ ಸಹಿಸದವನು. ಅಂಥವನನ್ನೇ ಸರ್ಕಾರ ಕರೆದು, ‘ಇಂದಿನಿಂದ ನೀನು ಕೊಕೇನ್ ಮಾರಬೇಕು’ ಎಂದರೆ?

ಇದು 1992ರ ಏಪ್ರಿಲ್‌ನಲ್ಲಿ ತೆರೆಕಂಡ ‘ಡೀಪ್ ಕವರ್’ ಚಿತ್ರದ ಕಥೆಯ ಮೊದಲ ಗಂಟು. ನಿರ್ದೇಶಕ ಬಿಲ್ ಡ್ಯೂಕ್. ನಾಯಕ ಲಾರೆನ್ಸ್ ಫಿಶ್‌ಬರ್ನ್. ಬಂದೂಕು, ಕಾರು, ಕೊಲೆ ಎಲ್ಲ ಇರುವ ಇನ್ನೊಂದು ಪೊಲೀಸ್ ಚಿತ್ರ ಎಂದುಕೊಂಡು ಥಿಯೇಟರಿಗೆ ಹೋದವರು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹೊರಬಂದರು. ಆ ಪ್ರಶ್ನೆಗೆ ಇಂದಿಗೂ ವಯಸ್ಸಾಗಿಲ್ಲ.

ವೇಷ ಬರೀ ಬಟ್ಟೆಯಲ್ಲ

ಮಾರುವೇಷ ನಮಗೆ ಹೊಸದೇನಲ್ಲ. ರಾತ್ರಿ ಕಂಬಳಿ ಹೊದ್ದು ಪ್ರಜೆಗಳ ಮಾತು ಕೇಳಲು ಹೊರಡುವ ರಾಜನ ಕಥೆ ಕೇಳಿಯೇ ನಾವು ಬೆಳೆದದ್ದು. ‘ಜೇಡರ ಬಲೆ’ಯಿಂದ ಶುರುವಾದ ಸಿ.ಐ.ಡಿ. 999 ಚಿತ್ರಗಳಲ್ಲಿ ರಾಜ್‌ಕುಮಾರ್ ಕಳ್ಳರ ಅಡ್ಡೆಗೆ ನುಗ್ಗಿದಾಗ ನಮಗೆ ಆತಂಕವಿತ್ತೇ ಹೊರತು ಅನುಮಾನವಿರಲಿಲ್ಲ. ಕೊನೆಯಲ್ಲಿ ನಾಯಕ ತನ್ನ ನಿಜರೂಪ ತೋರುತ್ತಾನೆ, ಪೊಲೀಸ್ ಜೀಪು ಬರುತ್ತದೆ, ಎಲ್ಲ ಸರಿಹೋಗುತ್ತದೆ.

ಮಹಾಭಾರತ ಮಾತ್ರ ಇಷ್ಟು ಸಲೀಸಾಗಿ ಬಿಡುವುದಿಲ್ಲ. ವಿರಾಟನ ಅರಮನೆಯಲ್ಲಿ ಅಡಿಗೆಯವನಾಗಿದ್ದ ವಲಲ, ಅಂದರೆ ಭೀಮ, ವೇಷದಲ್ಲಿದ್ದುಕೊಂಡೇ ಕತ್ತಲಲ್ಲಿ ಕೀಚಕನನ್ನು ಕೊಲ್ಲುತ್ತಾನೆ. ಕೊಂದವರು ಗಂಧರ್ವರು ಎಂದು ಊರು ನಂಬುತ್ತದೆ. ವೇಷದಲ್ಲಿ ಮಾಡಿದ ಕೊಲೆ ಯಾರ ಲೆಕ್ಕಕ್ಕೆ? ಭೀಮನದೋ ವಲಲನದೋ? ‘ಡೀಪ್ ಕವರ್’ ಹಿಡಿದುಕೊಂಡಿರುವುದು ಇದೇ ಎಳೆಯನ್ನು.

ದೋಷವೇ ಅರ್ಹತೆಯಾದಾಗ

ಕಥೆ 1991ಕ್ಕೆ ಬರುತ್ತದೆ. ರಸೆಲ್ ಸ್ಟೀವನ್ಸ್ ಈಗ ಸಮವಸ್ತ್ರದ ಪೊಲೀಸ್. ಅಮೆರಿಕದ ಮಾದಕ ವಸ್ತು ನಿಯಂತ್ರಣ ಸಂಸ್ಥೆಯಾದ ಡಿ.ಇ.ಎ.ಯ ಅಧಿಕಾರಿ ಜೆರಾಲ್ಡ್ ಕಾರ್ವರ್ ಒಂದು ರಹಸ್ಯ ಕಾರ್ಯಾಚರಣೆಗೆ ಕಪ್ಪು ವರ್ಣೀಯ ಪೊಲೀಸರನ್ನು ಸಂದರ್ಶಿಸುತ್ತಿದ್ದಾನೆ. ಬಂದವರಿಗೆಲ್ಲ ಅವರ ಬಣ್ಣವನ್ನೇ ಹೀಯಾಳಿಸುವ ಒಂದು ಪ್ರಶ್ನೆ ಎಸೆಯುತ್ತಾನೆ. ಕೆಲವರು ತಡವರಿಸುತ್ತಾರೆ, ಕೆಲವರು ಕೆರಳುತ್ತಾರೆ. ಸ್ಟೀವನ್ಸ್ ಮಾತ್ರ ತಣ್ಣಗೆ, ಅಂಥ ಪ್ರಶ್ನೆಗೆ ಉತ್ತರ ಕೊಡಲು ಹೊರಡುವವನೇ ಆ ಬೈಗುಳಕ್ಕೆ ತಕ್ಕವನು ಎನ್ನುತ್ತಾನೆ. ಕೆಲಸ ಅವನಿಗೇ ಸಿಗುತ್ತದೆ.

ಆಯ್ಕೆಗೆ ಕಾರ್ವರ್ ಕೊಡುವ ಕಾರಣ ವಿಚಿತ್ರವಾದದ್ದು. ಸ್ಟೀವನ್ಸ್‌ನ ಮನೋಪರೀಕ್ಷೆಯ ಫಲಿತಾಂಶ ಅಪರಾಧಿಗಳ ಫಲಿತಾಂಶದಂತೆಯೇ ಇದೆಯಂತೆ. ಒಳಗೆ ಅದುಮಿಟ್ಟ ಸಿಟ್ಟು, ಯಾರನ್ನೂ ನಂಬದ ಸ್ವಭಾವ. ಸಮವಸ್ತ್ರದಲ್ಲಿ ಇವೆಲ್ಲ ದೋಷ. ಮಾರುವೇಷದಲ್ಲಿ ಇವೇ ಗುಣ. ಅಪ್ಪನ ಹಾಗೆ ಆಗಬಾರದೆಂದು ಇಪ್ಪತ್ತು ವರ್ಷ ಹಲ್ಲು ಕಚ್ಚಿ ಬದುಕಿದವನಿಗೆ, ನಿನ್ನೊಳಗೆ ಇರುವುದು ಅವನೇ ಎಂದು ಸರ್ಕಾರವೇ ಪ್ರಮಾಣಪತ್ರ ಕೊಟ್ಟಂತಾಯಿತು.

ಸ್ಟೀವನ್ಸ್ ‘ಜಾನ್ ಹಲ್’ ಎಂಬ ಹೆಸರಿನಲ್ಲಿ ಲಾಸ್ ಏಂಜಲೀಸ್‌ನ ಅಗ್ಗದ ಹೋಟೆಲೊಂದರಲ್ಲಿ ಕೋಣೆ ಹಿಡಿಯುತ್ತಾನೆ. ಗುರಿ ದೊಡ್ಡದು. ಬೀದಿಯಲ್ಲಿ ಮಾರುವವನಿಂದ ಹಿಡಿದು ಸಗಟು ವ್ಯಾಪಾರಿ ಬಾರ್ಬೋಸಾ, ಅವನ ಮೇಲಿನ ಆಮದುದಾರ ಗ್ಯಾಲೆಗೋಸ್, ಆತನಿಗೂ ಮೇಲೆ ದಕ್ಷಿಣ ಅಮೆರಿಕದ ರಾಜಕಾರಣಿ ಗುಜ್ಮನ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಮೊದಲ ಮೆಟ್ಟಿಲಲ್ಲೇ ಎಡವುತ್ತಾನೆ. ಒಂದು ಕಿಲೋ ಕೊಕೇನ್ ಕೊಳ್ಳುವಾಗ ಟಾಫ್ಟ್ ಎಂಬ ದೈವಭಕ್ತ ಪೊಲೀಸನ ಕೈಗೆ ಸಿಕ್ಕಿಬೀಳುತ್ತಾನೆ. ನ್ಯಾಯಾಲಯದಲ್ಲಿ ನೋಡಿದರೆ ಪೊಟ್ಟಣದಲ್ಲಿದ್ದದ್ದು ಮಕ್ಕಳಿಗೆ ಕೊಡುವ ಭೇದಿಯ ಪುಡಿ! ಕೇಸು ವಜಾ. ತಾನಾಗಿಯೇ ಬಂದು ವಾದಿಸಿದ ವಕೀಲ ಡೇವಿಡ್ ಜೇಸನ್ ಹಗಲು ಕೋಟು ಹಾಕಿ, ಒಳಗಿಂದ ಇದೇ ಜಾಲದಲ್ಲಿ ಸರಕು ಸಾಗಿಸುವವನು. ಹೆಂಡತಿ, ಮಗಳು, ಚೆಂದದ ಮನೆ ಎಲ್ಲ ಇರುವ ಈ ಮನುಷ್ಯನಿಗೆ ಬೇಕಾದದ್ದು ಇನ್ನಷ್ಟು ಹಣ, ಹಣಕ್ಕಿಂತ ಹೆಚ್ಚಾಗಿ ಅಪಾಯದ ರುಚಿ. ಜೆಫ್ ಗೋಲ್ಡ್‌ಬ್ಲಮ್ ಈ ಪಾತ್ರವನ್ನು ಎಷ್ಟು ಲವಲವಿಕೆಯಿಂದ ಮಾಡಿದ್ದಾರೆಂದರೆ, ಮರುವರ್ಷ ‘ಜುರಾಸಿಕ್ ಪಾರ್ಕ್’ನಲ್ಲಿ ಅವರನ್ನು ಕಂಡವರು ಇದು ಅದೇ ಮನುಷ್ಯನೇ ಎಂದು ಹುಬ್ಬೇರಿಸಬೇಕು.

ಇಲ್ಲಿಂದ ಮುಂದೆ ಸ್ಟೀವನ್ಸ್ ಏರುತ್ತಲೇ ಹೋಗುತ್ತಾನೆ. ಸರಕು ಹಂಚುತ್ತಾನೆ, ಹುಡುಗರನ್ನು ಇಟ್ಟುಕೊಳ್ಳುತ್ತಾನೆ, ಒಳ್ಳೆಯ ಸೂಟು ಹೊಲಿಸುತ್ತಾನೆ. ಕಪ್ಪುಹಣವನ್ನು ಕಲಾಕೃತಿ ವ್ಯಾಪಾರದ ಮೂಲಕ ಬಿಳಿ ಮಾಡುವ ಬೆಟ್ಟಿಯ ಜೊತೆ ಪ್ರೀತಿ ಹುಟ್ಟುತ್ತದೆ. ತನ್ನ ಹುಡುಗನೊಬ್ಬನನ್ನು ಎದುರಾಳಿ ವ್ಯಾಪಾರಿ ಹೊಡೆದು ಕೊಂದಾಗ, ದಂಧೆಯ ಮರ್ಯಾದೆ ಉಳಿಸಿಕೊಳ್ಳಲು ಅವನನ್ನು ಬೆನ್ನಟ್ಟಿ ಶೌಚಾಲಯದಲ್ಲಿ ಗುಂಡಿಕ್ಕುತ್ತಾನೆ. ಚಿತ್ರದ ಅತ್ಯಂತ ಭಯಾನಕ ಗಳಿಗೆ ಈ ಕೊಲೆಯದಲ್ಲ, ಅದರ ನಂತರದ್ದು. ತನ್ನಂತೆಯೇ ಕಾಣುವ, ತನ್ನ ತಂದೆತಾಯಿಯಂಥದೇ ತಂದೆತಾಯಿ ಇದ್ದ ಒಬ್ಬನನ್ನು ಕೊಂದರೂ ಏನೂ ಆಗಲಿಲ್ಲವಲ್ಲ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಆಕಾಶ ಕಳಚಿ ಬೀಳಲಿಲ್ಲ, ಯಾರೂ ಕೇಳಲಿಲ್ಲ. ಮುಂದೊಂದು ದಿನ ಮದ್ಯದ ಗುಟುಕೂ ಗಂಟಲಿಗಿಳಿಯುತ್ತದೆ, ಕೊಕೇನ್ ಮೂಗಿಗೇರುತ್ತದೆ. ಇಷ್ಟು ದಿನ ವ್ಯಾಪಾರಿಯ ವೇಷ ತೊಟ್ಟ ಪೊಲೀಸ್ ತಾನೆಂದು ತಿಳಿದವನಿಗೆ, ತಾನು ಪೊಲೀಸ್ ವೇಷ ತೊಟ್ಟ ವ್ಯಾಪಾರಿಯಾಗಿಬಿಟ್ಟೆನೆಂದು ಅರಿವಾಗುತ್ತದೆ.

ಪಕ್ಕದ ಮನೆಯ ಪೋರ

ಈ ಕತ್ತಲಲ್ಲಿ ಒಂದು ಸಣ್ಣ ದೀಪವಿದೆ. ಸ್ಟೀವನ್ಸ್ ಇರುವ ಕಟ್ಟಡದಲ್ಲೇ ಜೇಮ್ಸ್ ಎಂಬ ಪುಟ್ಟ ಹುಡುಗನಿದ್ದಾನೆ. ಅವನ ತಾಯಿ ಚಟಕ್ಕೆ ಬಿದ್ದವಳು. ಆ ಮಗುವನ್ನು ಕಂಡಾಗಲೆಲ್ಲ ಕಾರಿನಲ್ಲಿ ಕೂತಿದ್ದ ತನ್ನನ್ನೇ ಕಂಡಂತೆ ಸ್ಟೀವನ್ಸ್‌ಗೆ. ಅವನಿಗೆ ಊಟ ಕೊಡಿಸುತ್ತಾನೆ, ಮಾತನಾಡಿಸುತ್ತಾನೆ. ಆದರೆ ಹಗಲೆಲ್ಲ ತಾನು ಮಾರುವುದು ಆ ತಾಯಿಯನ್ನು ಕೊಲ್ಲುವ ಪುಡಿಯನ್ನೇ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಕೊನೆಗೆ ಅವಳು ಅದೇ ಚಟಕ್ಕೆ ಬಲಿಯಾಗುತ್ತಾಳೆ. ಎಲ್ಲೋ ಕೂತು ಕಡತ ತಿರುವುವ ಕಾರ್ವರ್‌ಗೆ ಇದು ಲೆಕ್ಕಕ್ಕೇ ಬಾರದ ಸಾವು. ದೊಡ್ಡ ಮೀನು ಹಿಡಿಯಲು ನೀರಿಗೆ ಬಿಟ್ಟ ಸಣ್ಣ ಮೀನುಗಳ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ.

ಇನ್ನೊಬ್ಬ, ಆ ಭಕ್ತ ಪೊಲೀಸ್ ಟಾಫ್ಟ್. ಎದುರಿಗಿರುವವನು ತನ್ನದೇ ಕಸುಬಿನವನೆಂದು ತಿಳಿಯದೆ, ದಾರಿ ತಪ್ಪಿದ ತಮ್ಮನೆಂದು ಬಗೆದು ಸಿಕ್ಕಾಗಲೆಲ್ಲ ಬುದ್ಧಿ ಹೇಳುತ್ತಾನೆ. ಈ ಪಾತ್ರ ಮಾಡಿದ ಕ್ಲಾರೆನ್ಸ್ ವಿಲಿಯಮ್ಸ್ ಅವರನ್ನು ಆರಿಸಿದ್ದರಲ್ಲಿ ಒಂದು ಸ್ವಾರಸ್ಯವಿದೆ. 1968ರಿಂದ 1973ರವರೆಗೆ ಅಮೆರಿಕದ ಟೀವಿಯಲ್ಲಿ ಬಂದ ‘ದಿ ಮಾಡ್ ಸ್ಕ್ವಾಡ್’ ಧಾರಾವಾಹಿಯಲ್ಲಿ ಮಾರುವೇಷದ ತರುಣ ಪೊಲೀಸನಾಗಿ ಮನೆಮಾತಾದವರು ಇವರೇ. ಆ ಕಾಲದ ಮಾರುವೇಷ ಬಣ್ಣಬಣ್ಣದ ಅಂಗಿಯಷ್ಟು ಹಗುರವಾಗಿತ್ತು.

ಶ್ವೇತಭವನದ ಎದುರಿನ ಪೊಟ್ಟಣ

ಚಿತ್ರದ ಕಥೆ ಕಲ್ಪನೆ. ಆದರೆ ಅದು ಬಂದ ಕಾಲದ ಸತ್ಯಕಥೆಗಳು ಕಲ್ಪನೆಯನ್ನೂ ನಾಚಿಸುವಂತಿದ್ದವು.

1971ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಒಂದನೆಯ ಶತ್ರುವೆಂದು ಸಾರಿದರು. 1973ರಲ್ಲಿ ಡಿ.ಇ.ಎ. ಹುಟ್ಟಿತು. 1986ರ ಕಾನೂನು ಐದು ಗ್ರಾಂ ‘ಕ್ರ್ಯಾಕ್’ ಇಟ್ಟುಕೊಂಡು ಮಾರುವವನಿಗೆ ಕನಿಷ್ಠ ಐದು ವರ್ಷ ಸಜೆ ಎಂದಿತು. ಅದೇ ಐದು ವರ್ಷದ ಸಜೆಗೆ ಪುಡಿ ಕೊಕೇನ್ ಆದರೆ 500 ಗ್ರಾಂ ಬೇಕು! ಕ್ರ್ಯಾಕ್ ಎಂದರೆ ಕೊಕೇನನ್ನೇ ಅಡಿಗೆ ಸೋಡಾ ಹಾಕಿ ಕುದಿಸಿ ಹರಳು ಮಾಡಿದ ಅಗ್ಗದ ಸರಕು. ಅದನ್ನು ಮಾರಿ ಜೈಲು ಸೇರಿದವರಲ್ಲಿ ಬಹುಪಾಲು ಕಪ್ಪು ವರ್ಣೀಯರು. ಒಂದಕ್ಕೆ ನೂರರ ಈ ತಾರತಮ್ಯವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲು ಅಮೆರಿಕಕ್ಕೆ 2010ರವರೆಗೆ ಬೇಕಾಯಿತು.

1989ರ ಸೆಪ್ಟೆಂಬರ್ 5ರಂದು ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಟೀವಿಯಲ್ಲಿ ರಾಷ್ಟ್ರವನ್ನುದ್ದೇಶಿಸಿ ಮಾತನಾಡುತ್ತ ಒಂದು ಪ್ಲಾಸ್ಟಿಕ್ ಪೊಟ್ಟಣವನ್ನು ಎತ್ತಿ ತೋರಿಸಿದರು. ಇದು ಕ್ರ್ಯಾಕ್, ಶ್ವೇತಭವನದ ಎದುರಿನ ಉದ್ಯಾನದಲ್ಲೇ ವಶಪಡಿಸಿಕೊಂಡದ್ದು ಎಂದರು. ದೇಶ ಬೆಚ್ಚಿತು. ಕೆಲವೇ ದಿನಗಳಲ್ಲಿ ಪತ್ರಿಕೆಗಳು ಪೊಟ್ಟಣದ ಹಿಂದಿನ ಕಥೆ ಬಯಲು ಮಾಡಿದವು. ಭಾಷಣಕ್ಕೆ ಇಂಥದೊಂದು ವಸ್ತು ಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಆ ಉದ್ಯಾನದಲ್ಲಿ ಅಂಥ ವ್ಯಾಪಾರ ನಡೆಯುತ್ತಿರಲಿಲ್ಲವಾದ್ದರಿಂದ ಡಿ.ಇ.ಎ.ಯ ಮಾರುವೇಷದ ಸಿಬ್ಬಂದಿ ನಗರದ ಬೇರೊಂದು ಕಡೆಯ 18 ವರ್ಷದ ಶಾಲಾ ಹುಡುಗನೊಬ್ಬನನ್ನು ಅಲ್ಲಿಗೆ ಕರೆಸಿಕೊಂಡು, 2,400 ಡಾಲರ್ ಕೊಟ್ಟು ಸರಕು ಕೊಂಡಿದ್ದರು. ಶ್ವೇತಭವನ ಎಲ್ಲಿದೆಯೆಂಬುದೂ ಗೊತ್ತಿಲ್ಲದ ಆ ಹುಡುಗ ದಾರಿ ಕೇಳಬೇಕಾಯಿತು. ಉದ್ಯಾನದ ಆ ವ್ಯಾಪಾರಕ್ಕಾಗಿ ಅವನಿಗೆ ಶಿಕ್ಷೆಯಾಗಲಿಲ್ಲ. ಆದರೆ ಬೇರೆ ಮಾರಾಟಗಳಿಗಾಗಿ ಹತ್ತು ವರ್ಷ ಸಜೆಯಾಯಿತು. ಕಾನೂನು ಕೈಕಟ್ಟಿದ್ದರಿಂದ ಬೇಸರದಲ್ಲೇ ಶಿಕ್ಷೆ ವಿಧಿಸಿದ ನ್ಯಾಯಾಧೀಶರು, ಕ್ಷಮಾದಾನಕ್ಕೆ ಅಧ್ಯಕ್ಷರನ್ನೇ ಕೇಳಿಕೋ ಎನ್ನಬೇಕಾಯಿತು.

ಮಾರುವೇಷದ ಪೊಲೀಸ್ ಅಪರಾಧವನ್ನು ಪತ್ತೆಹಚ್ಚುತ್ತಾನೋ ಹುಟ್ಟಿಸುತ್ತಾನೋ? ಅಮೆರಿಕದ ಸುಪ್ರೀಂ ಕೋರ್ಟು 1958ರಲ್ಲೇ ಶೆರ್ಮನ್ ಎಂಬಾತನ ಮೊಕದ್ದಮೆಯಲ್ಲಿ ಈ ಪ್ರಶ್ನೆ ಎದುರಿಸಿತ್ತು. ಚಟ ಬಿಡಲು ವೈದ್ಯರ ಬಳಿ ಹೋಗುತ್ತಿದ್ದವನನ್ನು ಅಲ್ಲೇ ಪರಿಚಯ ಮಾಡಿಕೊಂಡ ಸರ್ಕಾರದ ಮಾಹಿತಿದಾರನೊಬ್ಬ, ತನಗೂ ಬಾಧೆಯಾಗುತ್ತಿದೆ, ಸ್ವಲ್ಪ ಸರಕು ತಂದುಕೊಡು ಎಂದು ಮತ್ತೆ ಮತ್ತೆ ಅಂಗಲಾಚಿದ್ದ. ಕೊನೆಗೆ ಮನಕರಗಿ ತಂದುಕೊಟ್ಟಾಗ ಹಿಡಿಸಿಕೊಟ್ಟ. ನ್ಯಾಯಾಲಯ ಶಿಕ್ಷೆಯನ್ನು ತಳ್ಳಿಹಾಕಿತು. ಎಚ್ಚರವಿಲ್ಲದ ಅಪರಾಧಿಗೆ ಬಲೆ ಹಾಕುವುದು ಬೇರೆ, ಎಚ್ಚರವಿಲ್ಲದ ನಿರಪರಾಧಿಗೆ ಬಲೆ ಹಾಕುವುದು ಬೇರೆ ಎಂಬುದು ಆ ತೀರ್ಪಿನ ಸಾರ.

ಮೇಲಿನ ಮೆಟ್ಟಿಲು ಯಾರದು?

ಮತ್ತೆ ಚಿತ್ರಕ್ಕೆ ಬರೋಣ. ಕೊಲೆ, ಚಟ, ಸುಳ್ಳು ಎಲ್ಲವನ್ನೂ ದಾಟಿ ಸ್ಟೀವನ್ಸ್ ಮೇಲಿನ ಮೆಟ್ಟಿಲಿಗೆ ಕೈಚಾಚುವ ಹೊತ್ತಿಗೆ ಕಾರ್ವರ್ ಬಂದು ಎಲ್ಲ ನಿಲ್ಲಿಸು ಎನ್ನುತ್ತಾನೆ. ಗುಜ್ಮನ್‌ನನ್ನು ಮುಟ್ಟುವಂತಿಲ್ಲ. ಮುಂದೆಂದಾದರೂ ಅಮೆರಿಕದ ವಿದೇಶಾಂಗ ವ್ಯವಹಾರಕ್ಕೆ ಅವನಿಂದ ಉಪಯೋಗವಾದೀತು. ಹಾಗಾದರೆ ಇಷ್ಟು ದಿನ ಮಾಡಿದ್ದೆಲ್ಲ ಯಾತಕ್ಕೆ?

ಇದನ್ನು ಚಿತ್ರಕಥೆಗಾರರ ಉತ್ಪ್ರೇಕ್ಷೆ ಎನ್ನುವಂತಿಲ್ಲ. ಪನಾಮಾದ ಸರ್ವಾಧಿಕಾರಿ ಜನರಲ್ ನೊರಿಯೆಗಾ ಹಲವು ವರ್ಷ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯಿಂದ ಹಣ ಪಡೆಯುತ್ತಿದ್ದವನು. 1988ರಲ್ಲಿ ಫ್ಲಾರಿಡಾದಲ್ಲಿ ಅವನ ಮೇಲೆ ಮಾದಕ ವಸ್ತು ಸಾಗಣೆಯ ಆರೋಪಪಟ್ಟಿ ಸಲ್ಲಿಕೆಯಾಯಿತು. 1989ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಪನಾಮಾಕ್ಕೆ ನುಗ್ಗಿತು. 1992ರ ಏಪ್ರಿಲ್ 9ರಂದು ಮಯಾಮಿಯ ಜ್ಯೂರಿ ಅವನನ್ನು ಅಪರಾಧಿಯೆಂದಿತು. ‘ಡೀಪ್ ಕವರ್’ ತೆರೆಗೆ ಬಂದದ್ದು ಅದೇ ಏಪ್ರಿಲ್ 15ರಂದು! ಬೇಕಾದಾಗ ಗೆಳೆಯ, ಬೇಡವಾದಾಗ ಖೂಳ ಎಂಬ ಲೆಕ್ಕಾಚಾರ ಪ್ರೇಕ್ಷಕರಿಗೆ ವಿವರಿಸಿ ಹೇಳಬೇಕಾದ್ದೇನೂ ಇರಲಿಲ್ಲ.

ಇನ್ನೆರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 29ರಂದು, ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಥಳಿಸಿದ ಪೊಲೀಸರು ಬಿಡುಗಡೆಯಾದ ಸುದ್ದಿಗೆ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಚಿತ್ರ ತೋರಿಸಿದ ಬೀದಿಗಳೂ ಸುದ್ದಿಯಲ್ಲಿ ಕಂಡ ಬೀದಿಗಳೂ ಒಂದೇ ಊರಿನವು.

ವೇಷ ತೊಟ್ಟು ಬದುಕಿದವರು

ಇಂಥ ಬದುಕು ಬದುಕಿದ ನಿಜದ ಜನರಿದ್ದಾರೆ. ಟೆಕ್ಸಸ್‌ನಲ್ಲಿ ಮಾದಕ ದಳದ ಮಾರುವೇಷದ ಪೊಲೀಸ್ ಆಗಿದ್ದ ಕಿಮ್ ವೋಜೆನ್‌ಕ್ರಾಫ್ಟ್ ಕೆಲಸದಲ್ಲೇ ಚಟಕ್ಕೆ ಬಿದ್ದರು, ಜೈಲನ್ನೂ ಕಂಡರು. ಆ ಅನುಭವವನ್ನಾಧರಿಸಿ ಅವರು 1990ರಲ್ಲಿ ಪ್ರಕಟಿಸಿದ ‘ರಷ್’ ಕಾದಂಬರಿ ಮರುವರ್ಷವೇ ಚಿತ್ರವಾಯಿತು. ನಂಬಿಕೆ ಗಳಿಸಲು ಮಾರಾಟಗಾರನ ಮುಂದೆ ಸೂಜಿ ಚುಚ್ಚಿಕೊಳ್ಳಲೇಬೇಕಾದ ಪೊಲೀಸರ ಕಥೆಯದು.

ಇನ್ನೊಬ್ಬರು ರಾಬರ್ಟ್ ಮೇಜರ್. ಅಮೆರಿಕದ ಕಸ್ಟಮ್ಸ್ ಇಲಾಖೆಯವರು. ‘ಬಾಬ್ ಮ್ಯೂಸೆಲಾ’ ಎಂಬ ಹೆಸರಿನ ಕಪ್ಪುಹಣದ ವ್ಯಾಪಾರಿಯಾಗಿ ಕೊಲಂಬಿಯಾದ ಮೆಡೆಲಿನ್ ಕೂಟದೊಳಕ್ಕೆ ಹೊಕ್ಕರು. 1988ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಟ್ಯಾಂಪಾ ಬಳಿ ಅವರ ‘ಮದುವೆ’ ನಿಗದಿಯಾಯಿತು. ಮಾರುವೇಷದ ಮಹಿಳಾ ಅಧಿಕಾರಿಯೇ ಮದುಮಗಳು. ಆಹ್ವಾನ ಸ್ವೀಕರಿಸಿ ದೂರದಿಂದ ಬಂದ ಖದೀಮರನ್ನು ಮದುವೆಯ ಮುನ್ನಾ ದಿನ ಪಾರ್ಟಿಗೆಂದು ಕಾರು ಹತ್ತಿಸಿ ನೇರವಾಗಿ ಬೇಡಿ ತೊಡಿಸಲಾಯಿತು. ಆ ತನಿಖೆಯಲ್ಲಿ ಸಿಕ್ಕಿಬಿದ್ದ ಬಿ.ಸಿ.ಸಿ.ಐ. ಎಂಬ ಅಂತರರಾಷ್ಟ್ರೀಯ ಬ್ಯಾಂಕು 1990ರಲ್ಲಿ ತಪ್ಪೊಪ್ಪಿಕೊಂಡಿತು. 1991ರಲ್ಲಿ ಬಾಗಿಲು ಹಾಕಿತು. ಈ ಕಥೆ 2016ರಲ್ಲಿ ‘ದಿ ಇನ್‌ಫಿಲ್ಟ್ರೇಟರ್’ ಚಿತ್ರವಾಗಿ ಬಂತು. ಇಲ್ಲೊಂದು ಪಾಠವಿದೆ. ಬೀದಿಯ ಪುಡಿಯ ಹಿಂದೆ ಹೋದವರಿಗೆ ಸಿಕ್ಕಿದ್ದು ಹುಡುಗರು. ಹಣದ ಹಿಂದೆ ಹೋದವರಿಗೆ ಸಿಕ್ಕಿದ್ದು ಬ್ಯಾಂಕು.

‘ಡೀಪ್ ಕವರ್’ ನಂತರವೂ ಈ ಜಾಡಿನ ಚಿತ್ರಗಳು ಬರುತ್ತಲೇ ಇವೆ. 2002ರಲ್ಲಿ ಬಂದ ಹಾಂಗ್‌ಕಾಂಗ್‌ನ ‘ಇನ್‌ಫರ್ನಲ್ ಅಫೇರ್ಸ್’ನಲ್ಲಿ ಕಳ್ಳರೊಳಗೊಬ್ಬ ಪೊಲೀಸ್, ಪೊಲೀಸರೊಳಗೊಬ್ಬ ಕಳ್ಳ. ಅದನ್ನೇ ಮಾರ್ಟಿನ್ ಸ್ಕಾರ್ಸೇಸಿ 2006ರಲ್ಲಿ ‘ದಿ ಡಿಪಾರ್ಟೆಡ್’ ಆಗಿಸಿ ಆಸ್ಕರ್ ಗೆದ್ದರು. ಬಿಲ್ ಡ್ಯೂಕ್ ಅವರ ಚಿತ್ರಕ್ಕೆ ಅಂಥ ಭಾಗ್ಯವಿರಲಿಲ್ಲ. ಡಾಕ್ಟರ್ ಡ್ರೆ ಮಾಡಿದ ಅದರ ಶೀರ್ಷಿಕೆ ಗೀತೆಯಲ್ಲಿ ಮೊದಲ ಸಲ ದನಿ ಕೇಳಿಸಿದ ಸ್ನೂಪ್ ಡಾಗ್ ಲೋಕಪ್ರಸಿದ್ಧನಾದ. ಚಿತ್ರ ಮಾತ್ರ ಬಲ್ಲವರ ಬಾಯಲ್ಲಿ ಉಳಿಯಿತು. 2021ರಲ್ಲಿ ಶ್ರೇಷ್ಠ ಚಿತ್ರಗಳನ್ನು ಆಯ್ದು ಹೊರತರುವ ಕ್ರೈಟೀರಿಯನ್ ಸಂಸ್ಥೆ ಇದರ ಹೊಸ ಪ್ರತಿಯನ್ನು ಬಿಡುಗಡೆ ಮಾಡಿದಾಗ ಮತ್ತೊಮ್ಮೆ ಜನ ಇದರತ್ತ ತಿರುಗಿದರು.

ದುಡ್ಡಿನ ಪ್ರಶ್ನೆ

ಕೊನೆಗೆ ಏನಾಗುತ್ತದೆ? ಟಾಫ್ಟ್‌ನನ್ನು ಡೇವಿಡ್ ಗುಂಡಿಟ್ಟು ಬೀಳಿಸಿದಾಗ ಸ್ಟೀವನ್ಸ್‌ನೊಳಗಿನ ಪೊಲೀಸ್ ಎದ್ದು ನಿಲ್ಲುತ್ತಾನೆ. ಇಷ್ಟು ದಿನದ ಗೆಳೆಯನಿಗೆ ತಾನು ಯಾರೆಂದು ಹೇಳುತ್ತಾನೆ. ಡೇವಿಡ್ ಉಳಿಯುವುದಿಲ್ಲ. ಇಲಾಖೆಗೆ ಒಳ್ಳೆಯ ಹೆಸರು ಬರುವಂತೆ ಸಾಕ್ಷಿ ಹೇಳಬೇಕೆಂದು ಕಾರ್ವರ್ ಒತ್ತಡ ಹೇರಿದರೆ, ಸ್ಟೀವನ್ಸ್ ವಿಚಾರಣಾ ಸಮಿತಿಯ ಮುಂದೆ ಗುಜ್ಮನ್‌ನ ಬಣ್ಣ ಬಯಲಾಗುವ ವಿಡಿಯೋ ತೋರಿಸಿಬಿಡುತ್ತಾನೆ. ಇಬ್ಬರ ಆಟವೂ ಮುಗಿಯುತ್ತದೆ.

ಆದರೆ ಒಂದು ಲೆಕ್ಕ ಬಾಕಿಯಿದೆ. ದಂಧೆಯ ಹಣದಲ್ಲಿ 1 ಕೋಟಿ 10 ಲಕ್ಷ ಡಾಲರ್ ಇನ್ನೂ ಸ್ಟೀವನ್ಸ್ ಬಳಿಯೇ ಉಳಿದಿದೆ. ಸರ್ಕಾರಕ್ಕೆ ಒಪ್ಪಿಸಿದರೆ ಅದು ಕಾರ್ವರ್‌ನಂಥವರ ಕೈ ಸೇರುತ್ತದೆ. ಇಟ್ಟುಕೊಂಡರೆ ತಾನೂ ಅವರಲ್ಲೊಬ್ಬ. ಸುಟ್ಟುಹಾಕಿದರೆ, ಜೇಮ್ಸ್‌ನಂಥ ಎಷ್ಟು ಮಕ್ಕಳ ಅನ್ನ ಅದರಲ್ಲಿತ್ತು? ತಾಯಿಯನ್ನು ಕಳೆದುಕೊಂಡ ಜೇಮ್ಸ್‌ನನ್ನು ಕರೆದುಕೊಂಡು ಸ್ಮಶಾನದಲ್ಲಿ ನಿಂತ ಸ್ಟೀವನ್ಸ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನೇರವಾಗಿ ಪ್ರೇಕ್ಷಕರನ್ನೇ ಕೇಳುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ತಕ್ಷಣ ಒಂದು ಉತ್ತರ ಹೇಳಿಬಿಡುತ್ತೇವೆ. ಮನೆಗೆ ಹೋಗಿ ಮಲಗಿದ ಮೇಲೆ ಅದನ್ನು ಬದಲಾಯಿಸುತ್ತೇವೆ. ಅಪ್ಪನ ರಕ್ತ ಮೆತ್ತಿದ ನೋಟನ್ನು ಇಪ್ಪತ್ತು ವರ್ಷ ಖರ್ಚು ಮಾಡದೆ ಇಟ್ಟುಕೊಂಡಿದ್ದವನಿಗಾದರೂ ಉತ್ತರ ಗೊತ್ತಿರಬೇಕಿತ್ತು. ಅವನಿಗೇ ಗೊತ್ತಿಲ್ಲವೆಂದರೆ, ಪ್ರಶ್ನೆ ಅಷ್ಟು ಸಣ್ಣದಲ್ಲ.